ಉಪಯೋಗಕ್ಕೆ ಬಾರದ ಸೈಕ್ಲಮೆನ್

ಮದುವೆಯಾಗಿ ಇಳಕಲ್ಲಿನಿಂದ ಬಾಗಲಕೋಟೆಯ ಈ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಅಷ್ಟೂ ವರ್ಷ ನಮ್ಮ ಅಂಗಳದಲ್ಲಿ ಮಧ್ಯಾಹ್ನದ ಹೊತ್ತು ಒಂದು ಹೂವನ್ನೂ ನಾನು ಕಂಡವಳಲ್ಲ. ದಾಸವಾಳ ನೆಟ್ಟೆ, ಕಣಗಿಲೆ ನೆಟ್ಟೆ, ದುಂಡುಮಲ್ಲಿಗೆ ನೆಟ್ಟೆ. ಗೊಬ್ಬರ ಹೊತ್ತವಳು ನಾನು, ನಲ್ಲಿಯಲ್ಲಿ ನೀರು ಬಾರದ ದಿನ ಪಾತ್ರೆ ತೊಳೆದ ನೀರನ್ನು ಸೋಸಿ ಹಾಕಿದವಳೂ ನಾನು. ಹೂವು ಮಾತ್ರ ನಮ್ಮ ಅತ್ತೆಯ ಬುಟ್ಟಿಗೆ.

ಅತ್ತೆ ದಿನವೂ ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಪೂಜೆ ಮಾಡುವವರು. ಲಿಂಗ ಇರುವುದು ನೆಲ್ಲಿಕಾಯಿಯಷ್ಟು, ಅದಕ್ಕೆ ಬೇಕಾಗುವುದು ಬುಟ್ಟಿ ತುಂಬ ಹೂವು! ಬೆಳಕು ಹರಿಯುವ ಮೊದಲೇ ಸ್ನಾನ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿ, ಕೊಂಬೆ ಬಗ್ಗಿಸಲು ಹಳೆಯ ಕೊಡೆಯ ಹಿಡಿಕೆ ಕಟ್ಟಿದ ಕೋಲು ಹಿಡಿದು ಹೊರಬೀಳುತ್ತಾರೆ. ಮೊದಲು ನಮ್ಮ ಗಿಡ ಬೋಳಾಗುತ್ತದೆ, ಆಮೇಲೆ ಓಣಿಯವರದು. ಬೇಸತ್ತ ಎದುರುಮನೆಯವರು ಒಮ್ಮೆ ಗೇಟಿಗೆ ಪ್ಲಾಸ್ಟಿಕ್ ಹೂವಿನ ಬಳ್ಳಿ ಕಟ್ಟಿದರು. ಅತ್ತೆ ಅದನ್ನೂ ಕಿತ್ತು ತಂದು ಲಿಂಗಕ್ಕೆ ಏರಿಸಿದರು. ಸಂಜೆಯಾದರೂ ಬಾಡಲಿಲ್ಲವೆಂದು, "ಎಂಥಾ ಭಕ್ತಿ ನೋಡ ಈ ಹೂವಿಂದು!" ಎಂದು ನನ್ನನ್ನೇ ಕರೆದು ತೋರಿಸಿದರು. ನಾನು ನಗು ತಡೆಯಲಾರದೆ ಹಿತ್ತಲಿಗೆ ಓಡಿದೆ.

ನನಗೆ ಬೇಕಾದದ್ದು ಬಂಗಾರ ಅಲ್ಲ, ಬೆಳ್ಳಿ ಅಲ್ಲ. ಒಂದೇ ಒಂದು ಹೂವು ಗಿಡದಲ್ಲೇ ಅರಳಿ, ಗಿಡದಲ್ಲೇ ಬಣ್ಣ ಮಾಸಿ, ಮುದಿಯಾಗುವುದನ್ನು ನೋಡಬೇಕಿತ್ತು. ಇಷ್ಟು ಆಸೆ ತಪ್ಪೇ? ಬಾಯಿಬಿಟ್ಟು ಕೇಳಿದರೆ ಅತ್ತೆಯ ಉತ್ತರ ಸಿದ್ಧವಿತ್ತು: "ಗಿಡದಾಗ ಬಾಡಿದ್ರ ಯಾರಿಗೇನ ಬಂತವ್ವಾ?"

ಹೋದ ಚಳಿಗಾಲದಲ್ಲಿ ಬಾದಾಮಿ ರಸ್ತೆಯ ಒಂದು ನರ್ಸರಿಯಲ್ಲಿ ನನಗೆ ದಾರಿ ಕಂಡಿತು. ನೆರಳುಬಟ್ಟೆಯ ಕೆಳಗೆ ಒಂದೇ ಒಂದು ಕುಂಡ. ಎಲೆಯ ಮೇಲೆ ರಂಗೋಲಿ ಎಳೆದಂಥ ಬಿಳಿ ಗೆರೆ, ಉದ್ದ ದಂಟಿನ ತುದಿಗೆ ಕಡುಗೆಂಪು ಹೂವು. ಹೂವಿನ ಮುಖ ಮಾತ್ರ ನೆಲಕ್ಕೆ, ಪಕಳೆಗಳೆಲ್ಲ ಹಿಂದಕ್ಕೆ. ಕೂದಲನ್ನು ಮೇಲಕ್ಕೆ ಕಟ್ಟಿ ಬಗ್ಗಿ ಮುಖ ತೊಳೆಯುತ್ತಿರುವ ಹೆಂಗಸಿನ ಹಾಗೆ ನಿಂತಿತ್ತು.

"ಇದಕ್ಕ ಸೈಕ್ಲಮೆನ್ ಅಂತಾರ್ರಿ," ಎಂದ ನರ್ಸರಿಯವನು. "ತಂಪ ಸೀಮಿದು. ಚಳಿಗಾಲ ಮುಗದು ಬಿಸಲ ಬಲಿಯೂತನಕ ಹೂ ಬಿಡ್ತೈತಿ."

"ಇದರ ಉಪಯೋಗ ಏನ್ರಿ?"

"ಖರೆ ಹೇಳ್ಲ್ಯಾ, ಅಕ್ಕಾರ? ಏನೂ ಇಲ್ಲ."

"ವಾಸನಿ?"

"ಇಲ್ಲ."

"ಮಾಲಿಗೆ?"

"ಕೂಡಂಗಿಲ್ಲ."

"ಔಷಧಕ್ಕ?"

"ಅಯ್ಯ, ಅದರ ಗಡ್ಡಿ ವಿಷರಿ! ಬೆಕ್ಕಿನ ಬಾಯಿಗೆ ಸಿಗದಂಗ ಇಡ್ರಿ."

ಇಂಥ ಗುಣವಂತ ಗಿಡ ಇಷ್ಟು ದಿನ ಎಲ್ಲಿತ್ತು! ವಾಸನೆಯಿಲ್ಲ, ಮಾಲೆಗೆ ಬರುವುದಿಲ್ಲ, ಸಾಲದ್ದಕ್ಕೆ ದೇವರಿಗೆ ಬೆನ್ನು ತೋರಿಸುತ್ತದೆ. ಅತ್ತೆ ಇದನ್ನು ಯಾಕೆ ಮುಟ್ಟುತ್ತಾರೆ? ಮಗುವನ್ನು ಎತ್ತಿಕೊಂಡಂತೆ ಕುಂಡವನ್ನು ಎತ್ತಿಕೊಂಡು ಬಸ್ಸು ಹತ್ತಿದೆ.

ಪಡಸಾಲೆಯ ಬಡಗಣ ಮೂಲೆಯಲ್ಲಿ ಕುಡಿಯುವ ನೀರಿನ ಹರವಿ ಇದೆ. ಮಣ್ಣಿನ ಹರವಿ ಬೆವರಿ ಆ ಮೂಲೆ ಸದಾ ತಣ್ಣಗಿರುತ್ತದೆ. ಅದರ ಮಗ್ಗುಲಿಗೇ ಕುಂಡ ಇಟ್ಟೆ. ಮೇಲಿನಿಂದ ನೀರು ಸುರಿದರೆ ಗಡ್ಡೆ ಕೊಳೆಯುತ್ತದೆಂದು ನರ್ಸರಿಯವನು ಹೇಳಿದ್ದಕ್ಕೆ, ಕೆಳಗೆ ತಾಟು ಇಟ್ಟು ಅದರಲ್ಲಿ ನೀರು ಹಾಕಿದೆ. ಗಿಡ ಹೀರಿದ ಮೇಲೆ ಉಳಿದದ್ದನ್ನು ಚೆಲ್ಲಿದೆ. "ನನಗ ಇಷ್ಟ ಉಪಚಾರ ಯಾವಾಗರ ಮಾಡೀಯೇನು?" ಎಂದರು ನಮ್ಮ ಮನೆಯವರು. "ನೀವೂ ತಲಿ ತಗ್ಗಿಸಿ ಒಂದ ಮೂಲ್ಯಾಗ ನಿಂದರ್ರಿ, ಮಾಡ್ತೇನಿ," ಎಂದೆ.

ಅತ್ತೆ ಬಂದು ನೋಡಿದರು. ಅವರು ಕೇಳದಿದ್ದರೂ ಗಿಡದ ದೋಷಗಳನ್ನೆಲ್ಲ ಒಪ್ಪಿಸಿದೆ.

"ಹಂಗಂದ್ರ ಪೂಜಿಗೆ ಬರಂಗಿಲ್ಲನು?"

"ಬರಂಗೇ ಇಲ್ರಿ, ಅತ್ತಿ!"

ಅವರು "ಹೂಂ" ಎಂದು ಹೋದರು. ಗೆದ್ದೆ ಎಂದುಕೊಂಡು ಆ ದಿನ ಒಂದು ರೊಟ್ಟಿ ಹೆಚ್ಚಿಗೆ ಉಂಡೆ.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಮೋಟು ದಂಟು! ಪೂಜೆಯ ಕೋಣೆಗೆ ಓಡಿದೆ. ಅತ್ತೆ ಕಣ್ಣು ಮುಚ್ಚಿ ಕೂತಿದ್ದಾರೆ, ಅಂಗೈಯ ಲಿಂಗದ ಮೇಲೆ ನನ್ನ ಸೈಕ್ಲಮೆನ್ನು. ಪೂಜೆಯ ನಡುವೆ ಕೂಗಾಡುವಂತಿಲ್ಲ. ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತೆ. ಆವತ್ತಿನ ಪೂಜೆ ಯಾಕೋ ಮುಗಿಯುವಂತೆಯೇ ಕಾಣಲಿಲ್ಲ. ನಾನು ನಿಂತದ್ದು ಅವರಿಗೆ ಗೊತ್ತಿತ್ತು ಅಂತ ಈಗಲೂ ನನ್ನ ಅನುಮಾನ.

ಕೊನೆಗೆ ಕಣ್ಣು ತೆರೆದು ಅವರೇ ಶುರು ಮಾಡಿದರು. "ಎಷ್ಟು ವಿನಯ ನೋಡ ಅದಕ್ಕ! ಉಳದ ಹೂವೆಲ್ಲಾ ಸೊಕ್ಕಿಲೆ ಮ್ಯಾಲ ನೋಡ್ತಾವ, ಇದೊಂದ ತಲಿ ಬಗ್ಗಿಸಿ ನಿಂತೈತಿ. ಶರಣರ ಲಕ್ಷಣ ಅದು! ವಾಸನಿ ಇಲ್ಲಂತ, ಮಾಲಿಗೆ ಬರಂಗಿಲ್ಲಂತ ಬ್ಯಾಡನ್ನಬೇಕನು? ಬಸವಣ್ಣ ಯಾರನ್ನರ ಬ್ಯಾಡಂದಾನೇನು? ನೀ ಯಾರ ಬ್ಯಾಡನ್ನಾಕಿ?"

ನನ್ನ ತಲೆ ಕೆಟ್ಟಿತು. "ಬಸವಣ್ಣ ಮಂದಿ ಗಿಡಾ ಬೋಳಿಸಂತ ಎಲ್ಲಿ ಹೇಳ್ಯಾನ್ರಿ?" ಎಂದು ಶುರು ಮಾಡಿದವಳು ಇಪ್ಪತ್ತೆರಡು ವರ್ಷದ ದಾಸವಾಳ, ಮಲ್ಲಿಗೆ, ಕಣಗಿಲೆಗಳ ಲೆಕ್ಕವನ್ನೆಲ್ಲ ಕಕ್ಕಿದೆ. ನಮ್ಮ ಮನೆಯವರು ಚಪ್ಪಲಿ ಮೆಟ್ಟಿ, "ತುಳಸಿಗೇರಿ ಹಣಮಪ್ಪನ ಗುಡಿಗೆ ಹೋಗಿಬರ್ತೇನಿ," ಎಂದು ಪಾರಾದರು. ಅಂದು ಶನಿವಾರವೂ ಅಲ್ಲ. ಬೈಯುತ್ತ ಬೈಯುತ್ತ ಏನಾಯಿತೋ, ನನಗೆ ಅಳು ಬಂದುಬಿಟ್ಟಿತು. "ಒಂದ ಹೂ ಮುದುಕಿ ಆಗೂದನ್ನ ನೋಡಬೇಕಂದ್ರ ಈ ಮನ್ಯಾಗ ನನಗ ಹಕ್ಕಿಲ್ಲನ್ರಿ?" ಎಂದೆ. ಆ ದಿನ ನಾನು ರೊಟ್ಟಿ ಬಡಿದ ಸದ್ದು ಓಣಿಯ ಕೊನೆಯ ಮನೆಗೂ ಕೇಳಿತಂತೆ.

ಎರಡನೆಯ ಮೊಗ್ಗು ಬಿರಿಯಲು ಎಂಟು-ಹತ್ತು ದಿನ ಹಿಡಿಯಿತು. ಅತ್ತೆ ಆ ಮೂಲೆಯ ಕಡೆ ಹಾಯಲಿಲ್ಲ. ಹರವಿಯ ನೀರು ಬೇಕಾದರೂ ನನ್ನನ್ನೇ ಕೇಳುತ್ತಿದ್ದರು. ಆದರೂ ನಂಬುವುದು ಹೇಗೆ? ಹೂವು ಬಿರಿದ ದಿನ ಅವರಿಗಿಂತ ಮೊದಲೇ ಎದ್ದು, ಕಸಬರಿಗೆ ಹಿಡಿದು ಕುಂಡದ ಮುಂದೆ ಕೂತೆ.

ಅತ್ತೆ ಬಂದರು. ಕೈಯಲ್ಲಿ ಕೋಲಿಲ್ಲ, ಬುಟ್ಟಿಯಿಲ್ಲ, ಬಕೆಟ್ಟು ಇತ್ತು. ಅದನ್ನು ಬೋರಲು ಹಾಕಿ, ಮೇಲೊಂದು ಮಣೆಯಿಟ್ಟು, "ಕುಂಡಾ ಇದರ ಮ್ಯಾಲ ಇಡು, ನನಗ ಎತ್ತಾಕ ಆಗಂಗಿಲ್ಲ," ಎಂದರು. ಇಟ್ಟೆ, ಕಸಬರಿಗೆ ಮಾತ್ರ ಬಿಡಲಿಲ್ಲ. ಅವರು ಎದುರಿಗೆ ಕೂತು, ಲಿಂಗವನ್ನು ಅಂಗೈಗೆ ತೆಗೆದುಕೊಂಡು, ಆ ಅಂಗೈಯನ್ನು ಮೆಲ್ಲಗೆ ಹೂವಿನ ಕೆಳಗೆ ಒಯ್ದರು. ಕುಂಡದ ಅಂಚಿನಾಚೆ ಬಾಗಿದ್ದ ಹೂವು ಸರಿಯಾಗಿ ಲಿಂಗದ ಮೇಲೆ ತಲೆ ತಗ್ಗಿಸಿ ನಿಂತಿತು.

"ತಾನಾ ಬಗ್ಗೈತಿ," ಎಂದರು ಅತ್ತೆ. "ಹರಿಯೂದ್ಯಾಕ?"

ಕಸಬರಿಗೆ ಮೂಲೆಗಿಟ್ಟು, ಕಣ್ಣೊರಸಿಕೊಂಡು ಚಹಾಕ್ಕಿಡಲು ಹೋದೆ.

ಅಂದಿನಿಂದ ಪೂಜೆ ಅಲ್ಲೇ. ತೊಂದರೆಗಳೂ ಇದ್ದವು. ದಂಟು ದಿನಕ್ಕಷ್ಟು ಬೆಳಕಿನ ಕಡೆ ತಿರುಗುತ್ತಿತ್ತು, ಅತ್ತೆಯೂ ತಾವು ಕೂರುವ ಮಣೆ ಸರಿಸುತ್ತ ಹೋಗಿ ಒಂದು ಸೋಮವಾರ ಬಚ್ಚಲ ಬಾಗಿಲಿಗೆ ಅಡ್ಡ ಕೂತರು. ಒಳಗೆ ಸ್ನಾನಕ್ಕೆ ಹೋಗಿದ್ದ ನಮ್ಮ ಮನೆಯವರು ಪೂಜೆ ಮುಗಿಯುವ ತನಕ ಒದ್ದೆ ಟವೆಲ್ಲಿನಲ್ಲೇ ನಿಂತರು. ಪೂಜೆಯಾದ ಮೇಲೆ ಅತ್ತೆಯನ್ನು ಎಬ್ಬಿಸಲು ಇಬ್ಬರೂ ಎಳೆಯಬೇಕಾಗುತ್ತಿತ್ತು. ಇತ್ತ ಓಣಿಯ ದಾಸವಾಳಗಳು ಮಧ್ಯಾಹ್ನವಾದರೂ ಗಿಡದಲ್ಲೇ ಇದ್ದದ್ದು ಕಂಡು ಎದುರುಮನೆಯಾಕೆ ಗಾಬರಿಯಾಗಿ, ಬಿಸ್ಕೀಟು ಹಿಡಿದು, "ಅಮ್ಮಾರಿಗೆ ಮೈಯಾಗ ಆರಾಮಿಲ್ಲೇನ್ರಿ?" ಎಂದು ಕೇಳಿಕೊಂಡು ಬಂದಳು. ಬಂದವಳು ಸೈಕ್ಲಮೆನ್ನಿನ ಕಡೆ ಕೈ ಚಾಚಿದಳು. "ಮುಟ್ಟೀ ನೋಡ ಮತ್ತ!" ಎಂದು ಅತ್ತೆ ಗದರಿದ್ದಕ್ಕೆ ಪಾಪ, ಬಿಸ್ಕೀಟು ಕೊಡುವುದನ್ನೂ ಮರೆತು ಹೋದಳು.

ಮೂರು ವಾರ ಕಳೆದವು. ಬಿಸಿಲು ಚುರುಗುಟ್ಟತೊಡಗಿತ್ತು. ಒಂದು ಮಧ್ಯಾಹ್ನ ನಾನು ಒಗ್ಗರಣೆಗೆ ಎಣ್ಣೆ ಕಾಯಿಸಿ ಸಾಸಿವೆ ಹಾಕಿದ್ದೆ, ಪಡಸಾಲೆಯಿಂದ ಅತ್ತೆಯ ಕೂಗು ಕೇಳಿತು.

"ಏ ತಂಗೀ, ಲಗೂನ ಬಾ! ನಿನ್ನ ಹೂವು ಮುದುಕಿ ಆತು!"

ಸೌಟು ಹಿಡಿದುಕೊಂಡೇ ಓಡಿದೆ. ಕಡುಗೆಂಪು ಇಳಿದು ಪಕಳೆಯ ತುದಿಯಲ್ಲಿ ನೀಲಿ ಛಾಯೆ ಬಂದಿತ್ತು. ಅಂಚು ತೆಳ್ಳಗಾಗಿ ಸುಕ್ಕುಗಟ್ಟಿತ್ತು. ದಂಟು ಇನ್ನೂ ಸ್ವಲ್ಪ ಬಾಗಿತ್ತು. ನಾನು ಅತ್ತೆಯ ಪಕ್ಕದಲ್ಲಿ ನೆಲಕ್ಕೇ ಕೂತೆ.

"ತಿಳವಳಿಕಿ ಬಂದಾಗಿಂದ ಹೂ ಹರ್ಯಾಕತ್ತೇನಿ," ಎಂದರು ಅತ್ತೆ ಸಣ್ಣ ದನಿಯಲ್ಲಿ. "ಹಿಂಗಾಗೂದನ್ನ ಒಮ್ಮಿನೂ ನೋಡಿದ್ದಿಲ್ಲ ನೋಡವ್ವಾ. ಮುದುಕ್ಯಾದ್ರೂ ಚಂದ ಐತಲ್ಲ?"

"ಭಾಳ ಚಂದ ಐತ್ರಿ," ಎಂದೆ. ಅವರು ನನ್ನ ಕೈ ಹಿಡಿದುಕೊಂಡರು.

ನಮ್ಮ ಮನೆಯವರು ಮೂಗರಳಿಸುತ್ತ ಬಾಗಿಲಿಗೆ ಬಂದರು. "ಯವ್ವಾ, ಒಳಗೇನೋ ಹೊತ್ತಿದ ವಾಸನಿ ಬರಾಕತ್ತೈತಿ."

"ಹೊತ್ತಲಿ ಬಿಡೋ," ಎಂದರು ಅತ್ತೆ ಹೂವಿನಿಂದ ಕಣ್ಣು ತೆಗೆಯದೆ. "ನೀನ ಹೋಗಿ ಗ್ಯಾಸ್ ಆರಿಸು. ನಮಗಿಲ್ಲಿ ಕೆಲಸ ಐತಿ."