ಸಾಹೇಬರ ಹಾಡಿನ ಲಾರಿಯವರು

ನಮ್ಮ ಪಕ್ಕದ ಮನೆಯವರು ಸಂಡೂರಿನಲ್ಲಿ ಅದಿರು ಲಾರಿ ಓಡಿಸುತ್ತಿದ್ದರು. ತಾವು ‘ಸಾಹೇಬ್ರು’ ಅಂತ ಕರೆಯುತ್ತಿದ್ದ, ತೀರಿಹೋದ ಹಿಂದಿ ಸಿನಿಮಾ ಗಾಯಕರೊಬ್ಬರ ಹಾಡುಗಳನ್ನು ಥೇಟ್ ಅವರ ಹಂಗ ಹಾಡೋರು.

“ಸಾಹೇಬ್ರು ಸತ್ತಿಲ್ರಿ ಅಕ್ಕಾರ, ಗಂಟ್ಲ ಬದ್ಲಿ ಮಾಡ್ಯಾರ,” ಅನ್ನೋರು.

“ಸಾಹೇಬ್ರಿಗೆ ಹಿಂದಿ ಬರ್ತಿತ್ತು, ನಿಮಗೆಲ್ಲಿ ಬರ್ತೈತಿ?” ಅಂತ ಅವರ ಹೆಂಡತಿ ಛೇಡಿಸುತ್ತಿದ್ದರು.

ಗಣಿ ಜೋರಾದ ಆ ವರ್ಷಗಳಲ್ಲಿ ಧೂಳಿನಿಂದ ಎಲ್ಲರ ಉಗುಳೂ ಕೆಂಪೇ. ಹಾಡುತ್ತಾ ಕೆಮ್ಮಿ ಅವರು ಕೆಂಪಗೆ ಉಗುಳಿದಾಗ, “ಮಣ್ಣು ಬಿಡ್ರಿ, ಬೆಲ್ಲ ತಿಂದ್ರ ಹೋಗ್ತೈತಿ,” ಅಂತ ತಿಂಗಳುಗಟ್ಟಲೆ ನಾನೇ ಕೊಟ್ಟೆ. ಅದು ಮಣ್ಣಲ್ಲ, ರಕ್ತ ಎಂದು ಹೊಸಪೇಟೆ ಡಾಕ್ಟರು ಹೇಳುವ ಹೊತ್ತಿಗೆ ತಡವಾಗಿತ್ತು.

ಕೊನೆಯ ವಾರ ಧ್ವನಿ ಪೂರ್ತಿ ಹೋಯಿತು. ಹೆಂಡತಿ ಸಾಹೇಬರ ಕ್ಯಾಸೆಟ್ ಹಾಕಿದರೆ ತುಟಿಯಷ್ಟೇ ಆಡಿಸೋರು. ಶಿವ ಕಿವಿಯನ್ನಾದರೂ ಉಳಿಸಿದ್ದ.