ಸೀನ ತೋರಿಸಿದ ಮಸುಕು ಚುಕ್ಕೆ

ಎಪ್ಪತ್ತರ ದಶಕದ ಆ ದಿನಗಳಲ್ಲಿ ಕೆಂಗೇರಿಯಲ್ಲಿ ದೀಪ ಹಚ್ಚಿದ ಮೇಲೂ ಆಕಾಶ ಕಪ್ಪಗೇ ಇರುತ್ತಿತ್ತು. ದೀಪಾವಳಿ ಬಂತೆಂದರೆ ಸೀಗೆಪುಡಿ, ಕಾದ ಎಣ್ಣೆ, ಪಟಾಕಿ ಮದ್ದು ಎಲ್ಲದರ ವಾಸನೆ ಒಟ್ಟಿಗೇ ಮೂಗಿಗೆ ಬಡಿಯುತ್ತಿತ್ತು.

ಆ ವರ್ಷ ನನ್ನ ತಮ್ಮ ಸೀನ ನಮ್ಮ ಮನೆಗೇ ನೆಂಟನಾಗಿ ಬಂದ. ಯುಗಾದಿ ಕಳೆದ ಮೇಲೆ ಅವನನ್ನು ರಾಜಾಜಿನಗರದ ದೊಡ್ಡಪ್ಪನಿಗೆ ದತ್ತು ಕೊಟ್ಟಿದ್ದರು. ಅವರಿಗೆ ಮಕ್ಕಳಿರಲಿಲ್ಲ, ಅಪ್ಪ ಅಣ್ಣನಿಗೆ ಎದುರಾಡಿದವರಲ್ಲ. ಹೆತ್ತವಳನ್ನು ಇನ್ನು ಚಿಕ್ಕಮ್ಮ ಅನ್ನಬೇಕೆಂದು ಹಿರಿಯರು ಸೀನನಿಗೆ ಕಲಿಸಿದ್ದರು.

"ಚಿಕ್ಕಮ್ಮಾ, ಇನ್ನೊಂದು ಕಜ್ಜಾಯ ಕೊಡಿ."

ಅಮ್ಮ ಕೊಟ್ಟು ಒಲೆಯ ಕಡೆ ತಿರುಗಿಬಿಟ್ಟಳು.

ಕತ್ತಲಾದ ಮೇಲೆ ನಾನು ಅವನನ್ನು ಹಿತ್ತಲಿಗೆ ಎಳೆದೊಯ್ದೆ. "ಇಲ್ಲೇ ಇದ್ಬಿಡೋ. ನನ್ನ ಬುಗುರಿ ನೀನೇ ಇಟ್ಕೊ."

ಬುಗುರಿ ಜೇಬಿಗಿಳಿಸಿ ಮೇಲೆ ಕೈ ತೋರಿಸಿದ. "ಅಲ್ಲಿ ಮಸುಕಾಗಿದೆಯಲ್ಲ, ಅದು ಒಂದು ನಕ್ಷತ್ರ ಅಲ್ಲ ಕಣಣ್ಣ, ನಕ್ಷತ್ರಗಳ ದೊಡ್ಡ ಗುಂಪು. ಗ್ಯಾಲಕ್ಸಿ ಅಂತಾರೆ. ಪಕ್ಕದಲ್ಲಿ ಇನ್ನೊಂದು ಸಣ್ಣದಿದೆ, ಬರಿಗಣ್ಣಿಗೆ ಕಾಣಲ್ಲ. ಮೇಷ್ಟ್ರು ಚಿತ್ರ ತೋರಿಸಿದ್ರು. ದೊಡ್ಡದು ಎಳೆದೂ ಎಳೆದೂ ಸಣ್ಣದರ ನಕ್ಷತ್ರ ಕಿತ್ಕೊಳ್ಳತ್ತಂತೆ."

"ಓಡಿಹೋಗ್ಬೇಕಪ್ಪ ಅದು, ಪೆದ್ದು!"

"ಆಗಲ್ಲ ಕಣಣ್ಣ. ಆದ್ರೆ ಸಣ್ಣದೂ ಎಳೆಯತ್ತೆ. ದೊಡ್ಡದೂ ಸೊಟ್ಟಗಾಗತ್ತೆ."

ಬೆಳಿಗ್ಗೆ ದೊಡ್ಡಪ್ಪ ಸ್ಕೂಟರಿನಲ್ಲಿ ಬಂದರು. ಅವರು ನಕ್ಕಿದ್ದನ್ನು ನಾವು ಯಾರೂ ನೋಡಿರಲಿಲ್ಲ. ಅಂಥವರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಮಣ್ಣಲ್ಲಿ ಕುಕ್ಕರಗಾಲಲ್ಲಿ ಕೂತು, ನಾನು ಸೀನನಿಗೆ ಕೊಟ್ಟ ಬುಗುರಿಗೆ ದಾರ ಸುತ್ತಿ, "ಹಿಂಗೇನೋ ಮಗಾ?" ಅಂದರು. ಬುಗುರಿ ಉರುಳಿಬಿತ್ತು. "ಥೂ, ನಿಮಗೆ ಬರಲ್ಲ ಬಿಡಿ!" ಅಂದ ಸೀನ. ದೊಡ್ಡಪ್ಪ ಗಹಗಹಿಸಿ ನಕ್ಕರು.

ಅವರು ಕೆಟ್ಟವರಾಗಿದ್ದರೆ ಸ್ಕೂಟರಿಗೆ ಕಲ್ಲಾದರೂ ಹೊಡೆಯುತ್ತಿದ್ದೆ.

ಸೀನ ಮುಂದೆ ಹ್ಯಾಂಡಲ್ ಹಿಡಿದು ನಿಂತ. "ಹುಷಾರು," ಅಂದಳು ಅಮ್ಮ, ಅಷ್ಟೇ. ಮೈಸೂರು ರಸ್ತೆಯ ಧೂಳು ಇಳಿಯುವವರೆಗೂ ಬಾಗಿಲಲ್ಲೇ ನಿಂತಿದ್ದಳು.

ಒಬ್ಬನೇ ಸ್ಕೂಲಿಗೆ ಹೋಗಲು ನನಗೆ ಕಾಲು ಏಳಲಿಲ್ಲ. ಏಳನೇ ಕ್ಲಾಸಿಗೇ ಬಿಟ್ಟು ಲೇತ್ ಕೆಲಸ ಕಲಿತೆ. ಇವತ್ತಿನವರೆಗೂ ಯಾರ ಮುಂದೆಯೂ ಕೈ ಚಾಚಿಲ್ಲ. ಅದೇನೋ ಸರಿ, ನಮ್ಮ ಹಿತ್ತಲಲ್ಲಿ ಆ ಮೇಲೆ ಯಾರೂ ಬುಗುರಿ ಆಡಲಿಲ್ಲ. ದೊಡ್ಡಪ್ಪ ಮಾತ್ರ ಕೊನೆಗಾಲದಲ್ಲಿ ಬೀದಿಯ ಮಕ್ಕಳ ಜೊತೆಯೆಲ್ಲ ನಗುತ್ತಿದ್ದರಂತೆ. ಸೀನನ ಜೊತೆ ಹೋದ ನಮ್ಮ ಮನೆಯ ನಗುವೇ ಅದು.

ಬೀದಿದೀಪಗಳ ಬೆಳಕಿನಲ್ಲಿ ಆ ಮಸುಕು ಚುಕ್ಕೆ ಈಗ ಕೆಂಗೇರಿಗೆ ಕಾಣುವುದಿಲ್ಲ. ಅಮ್ಮ ಹೋದ ದಿನ ಸೀನ ಓಡಿ ಬಂದು ಅವಳ ಕಾಲು ಹಿಡಿದು ಅತ್ತ. ಆಗಲೂ ಅವನ ಬಾಯಲ್ಲಿ ಬಂದಿದ್ದು "ಚಿಕ್ಕಮ್ಮಾ" ಎಂದೇ.