ಮಗಳ ಪಾಲಿನ ಜೀವನಾಂಶ

೨೦೦೩ರಲ್ಲಿ ನನಗೂ ನನ್ನ ಗಂಡನಿಗೂ ವಿಚ್ಛೇದನವಾಯಿತು. ಮಗಳು ಸಿಂಧು ಆಗ ಎರಡನೇ ಕ್ಲಾಸು. ಒಂದು ವಾರ ಕುವೆಂಪುನಗರದಲ್ಲಿ ಅವರ ಮನೆ, ಮುಂದಿನ ವಾರ ಕೃಷ್ಣಮೂರ್ತಿಪುರಂನಲ್ಲಿ ನನ್ನ ಬಾಡಿಗೆ ಮನೆ ಎಂದು ಇಬ್ಬರೂ ಒಪ್ಪಿಕೊಂಡೆವು. ಅವರಿಗೆ ದೇವರಾಜ ಮೊಹಲ್ಲಾದಲ್ಲಿ ದೊಡ್ಡ ಬಟ್ಟೆ ಅಂಗಡಿ. ನಾನು ನರ್ಸಿಂಗ್ ಹೋಮೊಂದರಲ್ಲಿ ರಿಸೆಪ್ಷನಿಸ್ಟ್.

"ಮಗು ಇಬ್ಬರ ಹತ್ರಾನೂ ಸಮನಾಗಿ ಇರುತ್ತೆ. ನಿನ್ನ ವಾರ ನೀನು ನೋಡ್ಕೋ, ನನ್ನ ವಾರ ನಾನು. ದುಡ್ಡಿನ ಮಾತ್ಯಾಕೆ?" ಎಂದರು ಅವರು. ನನ್ನ ಅಣ್ಣನೂ, "ಬಿಟ್ಬುಡಮ್ಮ, ಬೇರೆ ಆದ್ಮೇಲೂ ಅವರ ಹತ್ರ ಕೇಳೋದಾ?" ಎಂದ. ನಾನೂ ಕೇಳದೆ ಬಿಟ್ಟೆ.

ಒಂದು ಚಳಿಯ ಸಂಜೆ ಸಿಂಧು ಅವರ ಮನೆಯಿಂದ ಸ್ವೆಟರಿಲ್ಲದೆ ನಡುಗುತ್ತಾ ಬಂದಳು. "ಅದು ಈ ಮನೇದು, ಇಲ್ಲೇ ಇರ್ಲಿ ಅಂದ್ರು ಅಪ್ಪನ ಮನೆ ಅಜ್ಜಿ" ಎಂದಳು. ನನ್ನ ಶಾಲು ಹೊದಿಸಿದೆ. ಅದರೊಳಗೆ ಮುದುಡಿಕೊಂಡು ಕೇಳಿದಳು: "ಅಮ್ಮಾ, ಈ ವಾರ ನಾನು ಬಡವಳಾ?"

ಮರುದಿನವೇ ವಕೀಲರ ಬಳಿ ಹೋದೆ. ಅವರು ವಯಸ್ಸಾದ ಹೆಂಗಸು. "ಮಗು ಇಬ್ಬರ ಹತ್ರಾನೂ ಸಮ ಇದ್ದ ಮಾತ್ರಕ್ಕೆ ಖರ್ಚೂ ಸಮ ಅಂತಲ್ಲ ಕಣ್ರೀ. ಇಬ್ಬರ ವರಮಾನಾನೂ ನೋಡ್ತಾರೆ. ಇದು ನೀವು ನಿಮಗೋಸ್ಕರ ಕೇಳ್ತಿರೋದಲ್ಲ, ಮಗೂಗೆ" ಎಂದರು.

ಕೋರ್ಟಿನಲ್ಲಿ ಸಿಂಧುವಿನ ಅಪ್ಪನ ಕಡೆಯ ವಕೀಲರು, "ತಿಂಗಳಲ್ಲಿ ಅರ್ಧ ದಿನ ಮಗು ಅಪ್ಪನ ಮನೇಲೇ ಉಣ್ಣುತ್ತಲ್ಲ, ಇನ್ನೇನು ಕೊಡಬೇಕು?" ಎಂದು ನಕ್ಕರು. ನಾನು ಎದ್ದು ನ್ಯಾಯಾಧೀಶರಿಗೆ ಹೇಳಿಬಿಟ್ಟೆ: "ಸ್ವಾಮಿ, ನನ್ನ ಮನೆಗೆ ಬಂದ ವಾರ ಅವಳು ಇವರ ಮಗಳಲ್ವಾ?"

ನ್ಯಾಯಾಧೀಶರು ಅದೇ ಪ್ರಶ್ನೆಯನ್ನು ಅವಳ ಅಪ್ಪನಿಗೆ ಕೇಳಿದರು. ಸ್ಕೂಲಿನ ಫೀಸು, ಔಷಧಿಯ ಖರ್ಚು ಅವರದು. ಅದರ ಜೊತೆಗೆ ಮಗಳು ನನ್ನ ಬಳಿ ಇರುವ ದಿನಗಳಿಗೆಂದು ತಿಂಗಳಿಗಿಷ್ಟು ಕೊಡಬೇಕು ಎಂದು ಆದೇಶವಾಯಿತು.

ಅವರು ಮೊದಲ ತಿಂಗಳ ಹಣ ತಂದ ದಿನವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಭಾನುವಾರ ಬೆಳಿಗ್ಗೆ, ಅಕ್ಕಪಕ್ಕದವರೆಲ್ಲ ಬಾಗಿಲಲ್ಲಿದ್ದರು. ಅವರು ಸ್ಕೂಟರಿನಿಂದ ಇಳಿಯಲೂ ಇಲ್ಲ. ಗೇಟಿನ ಮೇಲಿಂದ ಕವರನ್ನು ಎಸೆದು, "ತಗೋ, ಬಾಚ್ಕೋ" ಎಂದರು. ಅದು ಮೆಟ್ಟಿಲ ಬಳಿ ಬಿತ್ತು. ಮನೆಗೆ ಬಂದಿದ್ದ ಅಣ್ಣ ಎತ್ತಿಕೊಳ್ಳಲು ಬಗ್ಗಿದ.

"ಮುಟ್ಬೇಡ ಅಣ್ಣ" ಎಂದೆ. ಗೇಟಿನ ಕಡೆ ತಿರುಗಿ ಹೇಳಿದೆ: "ಎತ್ತಿ ಕೈಗೆ ಕೊಡಿ. ಇದು ನಿಮ್ಮ ಮಗಳು ಉಣ್ಣೋ ಅನ್ನ."

"ಕೊಡದಿದ್ರೆ?"

"ಅಲ್ಲೇ ಬಿದ್ದಿರಲಿ. ನಾಳೆ ಜಡ್ಜ್ ಮುಂದೆ ಹೇಳ್ತೀನಿ."

ಅಷ್ಟರಲ್ಲಿ ಸಿಂಧು ಬಾಗಿಲಿಗೆ ಬಂದು ನಿಂತಿದ್ದಳು. ಅವಳನ್ನು ಕಂಡು ಅವರ ಮುಖ ಇಳಿಯಿತು. ಸ್ಕೂಟರ್ ಸ್ಟ್ಯಾಂಡ್ ಹಾಕಿ, ಗೇಟು ತೆಗೆದು ಬಂದರು. ಬಗ್ಗಿ ಕವರು ಎತ್ತಿ, ಧೂಳು ಕೊಡವಿ ನನ್ನ ಕೈಗೆ ಕೊಟ್ಟರು. ಆಮೇಲೆ ಒಮ್ಮೆಯೂ ಹಾಗೆ ಎಸೆಯಲಿಲ್ಲ.

ಮಗಳೆದುರು ಅಷ್ಟು ಹಟ ಬೇಕಿತ್ತಾ ಎಂದು ಕೆಲವರು ಇಂದಿಗೂ ಕೇಳುತ್ತಾರೆ. ಬೇಕಿತ್ತು. ಈಗ ಆಗಿದ್ದರೂ ಅದನ್ನೇ ಹೇಳುತ್ತಿದ್ದೆ, ಇನ್ನೂ ಸ್ವಲ್ಪ ಜೋರಾಗಿ.